ಫೋನಿನೊಳಗಿನ ಚೀಟಿ

ಶಂಕರಪುರದಲ್ಲಿ ಬೆಳಿಗ್ಗೆ ಎಂದರೆ ಮಲ್ಲಿಗೆ. ಬೆಳಕು ಹರಿಯುವ ಹೊತ್ತಿಗೆ ಗಿಡದ ಹತ್ತಿರ ಇರಬೇಕು. ಮೊಗ್ಗು ಕೊಯ್ಯಬೇಕು. ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟಬೇಕು. 800 ಹೂವಿಗೆ ಒಂದು ಚೆಂಡು. 4 ಚೆಂಡಿಗೆ ಒಂದು ಅಟ್ಟೆ. ಹೂ ಕಟ್ಟೆಗೆ ಹೋದ ಮೇಲೆ ಆ ದಿನದ ದರ. ಒಂದು ದಿನ ಅಟ್ಟೆಗೆ ಕೆಲವು ನೂರು ರೂಪಾಯಿ. ಮದುವೆ, ಹಬ್ಬ ಬಂದರೆ 2,000 ರೂಪಾಯಿ ದಾಟಿದ್ದೂ ಉಂಟು. ಮೊದಲು ದರ ತಿಳಿಯಲು ಯಾರಾದರೂ ಬಂದು ಹೇಳಬೇಕಿತ್ತು. ಈಗ ಫೋನಿನಲ್ಲಿ ನೋಡಿದರೆ ಆಯಿತು.

ಇಂಥ ಒಂದು ಮನೆ ಇದೆ ಎಂದು ಇಟ್ಟುಕೊಳ್ಳಿ. ಮನೆಗೆ ಒಂದೇ ಸ್ಮಾರ್ಟ್‌ಫೋನ್. ಹಗಲು ಅಮ್ಮನ ಹತ್ತಿರ. ಸಂಜೆ ಮಗನ ಹತ್ತಿರ. ಅಮ್ಮನಿಗೆ ಕೆಲವು ತಿಂಗಳಿಂದ ಮುಟ್ಟಿನ ತೊಂದರೆ. ಗರ್ಭಕೋಶ ತೆಗೆಯಬೇಕಾದೀತು ಎಂದು ಯಾರೋ ಹೆದರಿಸಿದ್ದಾರೆ. ಯಾರಲ್ಲಿ ಕೇಳುವುದು? ನಾಚಿಕೆ. ಓದಲು ಕಲಿತಿದ್ದಾರಲ್ಲ, ಹೂ ಕಟ್ಟಿ ಮುಗಿದ ಮೇಲೆ ಅಕ್ಷರ ಕೂಡಿಸಿ ಫೋನಿನಲ್ಲಿ ಹುಡುಕಿದರು. ನಾಲ್ಕು ಪುಟ ಓದಿದರು. ಸ್ವಲ್ಪ ಧೈರ್ಯ ಬಂತು. ಫೋನು ಮುಚ್ಚಿ ಇಟ್ಟರು.

ಸಂಜೆ ಮಗ ಬಂದ. ಕ್ರಿಕೆಟ್ ಸ್ಕೋರು ನೋಡಲು ಅದೇ ಫೋನು ತೆರೆದ. ಸ್ಕೋರಿನ ಕೆಳಗೆ ಒಂದು ಜಾಹೀರಾತು. ಗರ್ಭಕೋಶದ ಚಿಕಿತ್ಸೆಗೆ ಬನ್ನಿ ಎಂದು.

"ಅಮ್ಮಾ, ಎಂಥ ಇದು?"

ಅಮ್ಮನಿಗೆ ಕೈಕಾಲು ತಣ್ಣಗಾಯಿತು. ಯಾರಿಗೂ ಹೇಳಲಿಲ್ಲ. ಫೋನಿಗೆ ಹೇಗೆ ಗೊತ್ತಾಯಿತು?

ಫೋನಿಗೆ ಏನೂ ಗೊತ್ತಾಗಲಿಲ್ಲ, ಅಕ್ಕಾ. ಫೋನಿನಲ್ಲಿ ಒಂದು ಚೀಟಿ ಉಳಿದಿತ್ತು. ಅದಕ್ಕೆ ಕುಕೀ ಎಂದು ಹೆಸರು.

ಕುಕೀ ಎಂದರೆ ಏನು?

ಉಡುಪಿಯ ದೊಡ್ಡ ಅಂಗಡಿಗೆ ಹೋಗುತ್ತೀರಿ. ಬಾಗಿಲಲ್ಲಿ ನಿಮ್ಮ ಚೀಲ ತೆಗೆದುಕೊಂಡು ಒಂದು ಟೋಕನ್ ಕೊಡುತ್ತಾರೆ. ಅದರಲ್ಲಿ ಒಂದು ನಂಬರು. ಬಾಗಿಲಲ್ಲಿ ಇರುವವನಿಗೆ ನಿಮ್ಮ ಹೆಸರು ಗೊತ್ತಿಲ್ಲ, ಮುಖ ನೆನಪಿಲ್ಲ. ಆದರೂ ಟೋಕನ್ ತೋರಿಸಿದರೆ ಸರಿಯಾಗಿ ನಿಮ್ಮ ಚೀಲವನ್ನೇ ಕೊಡುತ್ತಾನೆ. ಅಲ್ವಾ?

ಕುಕೀ ಹೀಗೇ. ಫೋನಿನಲ್ಲಿ ಇಂಟರ್ನೆಟ್ ಪುಟ ನೋಡುವ ಸಾಧನಕ್ಕೆ ಬ್ರೌಸರ್ ಎನ್ನುತ್ತಾರೆ. ಹೆಚ್ಚಿನವರ ಫೋನಿನಲ್ಲಿ ಇರುವುದು ಕ್ರೋಮ್. ಒಂದು ಪುಟ ತೆರೆದಾಗ ಆ ಪುಟದವರು ನಿಮ್ಮ ಬ್ರೌಸರಿಗೆ ಒಂದು ಚಿಕ್ಕ ಚೀಟಿ ಕೊಡುತ್ತಾರೆ. ಮತ್ತೆ ಹೋದಾಗ ಬ್ರೌಸರ್ ತಾನಾಗಿ ಆ ಚೀಟಿ ತೋರಿಸುತ್ತದೆ. "ಓ, ಅದೇ ಫೋನು" ಎಂದು ಅವರಿಗೆ ತಿಳಿಯುತ್ತದೆ. 1994ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪೆನಿಯಲ್ಲಿದ್ದ ಲೂ ಮೊಂಟುಲ್ಲಿ ಇದನ್ನು ಮಾಡಿದರು. ಕುಕೀ ಎಂದರೆ ಅಲ್ಲಿ ಬಿಸ್ಕತ್ತು. ಚಹಾಕ್ಕೆ ಅದ್ದಲು ಮಾತ್ರ ಬರುವುದಿಲ್ಲ.

ಚೀಟಿಯೇ ಕೆಟ್ಟದ್ದು ಎಂದಲ್ಲ. ಅದಿಲ್ಲದಿದ್ದರೆ ಸೀರೆ ಅಂಗಡಿಯ ಪುಟದಲ್ಲಿ ಆರಿಸಿಟ್ಟ ಸೀರೆ ಮುಂದಿನ ಪುಟಕ್ಕೆ ಹೋಗುವಾಗ ಮಾಯ. ಪ್ರತಿ ಸಲ ಪಾಸ್‌ವರ್ಡ್ ಕೇಳುತ್ತಿತ್ತು.

ತೊಂದರೆ ಬೇರೆ ಕಡೆಯಿಂದ ಬರುತ್ತದೆ. ಜಾಹೀರಾತು ಕಂಪೆನಿ ಎಂದು ಉಂಟು. ಅದು ತನ್ನ ಜನರನ್ನು ನೂರಾರು ಅಂಗಡಿಗಳ ಬಾಗಿಲಲ್ಲಿ ಕೂರಿಸಿದ ಹಾಗೆ. ನೀವು ಯಾವ ಅಂಗಡಿಗೆ ಹೋದರೂ ಅವರು ತಮ್ಮ ಚೀಟಿಯನ್ನೇ ನೋಡುತ್ತಾರೆ. ಅವರ ಪುಸ್ತಕದಲ್ಲಿ ನಿಮ್ಮ ನಂಬರಿನ ಎದುರು ಬರೆಯುತ್ತಾ ಹೋಗುತ್ತಾರೆ. ಬೆಳಿಗ್ಗೆ ಮಲ್ಲಿಗೆ ದರ ನೋಡಿದರು. ಮಧ್ಯಾಹ್ನ ಗರ್ಭಕೋಶದ ವಿಷಯ ಓದಿದರು. ಚಿನ್ನದ ಸಾಲ ಎಷ್ಟು ಸಿಗುತ್ತದೆ ಎಂದು ನೋಡಿದರು. ಹೆಸರು ಬೇಡ. ನಂಬರು ಸಾಕು. ಕಾಯಿಲೆ ವಿಷಯದಲ್ಲಿ ಹೀಗೆ ಮಾಡಬಾರದು ಎಂದು ಕೆಲವು ದೊಡ್ಡ ಕಂಪೆನಿಗಳು ನಿಯಮ ಇಟ್ಟಿವೆ. ಎಲ್ಲರೂ ಅಷ್ಟು ಮರ್ಯಾದಸ್ಥರಲ್ಲ.

ಇನ್ನೊಂದು ಮಾತು ಗಮನಿಸಿ. ಚೀಟಿ ಇರುವುದು ಬ್ರೌಸರಿನಲ್ಲಿ. ಅದಕ್ಕೆ ಅಮ್ಮ ಯಾರು, ಮಗ ಯಾರು ಎಂದು ತಿಳಿಯದು. ಫೋನು ಯಾರ ಕೈಯಲ್ಲಿದ್ದರೂ ಅದೇ ಚೀಟಿ. ಅಮ್ಮ ಓದಿದ್ದಕ್ಕೆ ಮಗನಿಗೆ ಜಾಹೀರಾತು ಬಂದದ್ದು ಹೀಗೆ.

ಚೀಟಿ ತೆಗೆಯುವುದು ಹೇಗೆ?

ಚೀಟಿ ನಿಮ್ಮ ಫೋನಿನಲ್ಲೇ ಇದೆಯಲ್ಲ. ಹಾಗಾಗಿ ಬಿಸಾಡುವ ಅಧಿಕಾರವೂ ನಿಮ್ಮದೇ. ಹೆದರಬೇಡಿ, ಫೋನು ಹಾಳಾಗುವುದಿಲ್ಲ. ಕೈಯಲ್ಲಿ ಫೋನು ಹಿಡಿದುಕೊಂಡೇ ಮುಂದೆ ಓದಿ.

ಕ್ರೋಮ್ ತೆರೆಯಿರಿ. ಮೂಲೆಯಲ್ಲಿ ಒಂದರ ಕೆಳಗೆ ಒಂದು ಮೂರು ಚುಕ್ಕಿ ಕಾಣುತ್ತದೆ. ಹೆಚ್ಚಾಗಿ ಬಲಗಡೆ ಮೇಲೆ. ಅದನ್ನು ಒತ್ತಿ. ಒಂದು ಪಟ್ಟಿ ಬರುತ್ತದೆ. ಅದರಲ್ಲಿ "ಡಿಲೀಟ್ ಬ್ರೌಸಿಂಗ್ ಡೇಟಾ" ಎಂದು ಇರುತ್ತದೆ. ಹಳೆಯ ಫೋನಿನಲ್ಲಿ ಡಿಲೀಟ್ ಬದಲು "ಕ್ಲಿಯರ್" ಎಂದು ಇದ್ದೀತು. ಫೋನಿನ ಭಾಷೆ ಕನ್ನಡಕ್ಕೆ ಬದಲಿಸಿದ್ದರೆ ಕನ್ನಡದಲ್ಲೇ "ಅಳಿಸಿ" ಎಂದು ಓದಬಹುದು. ಒತ್ತಿ.

ಈಗ ಎಷ್ಟು ಹೊತ್ತಿನದ್ದು ಅಳಿಸಬೇಕು ಎಂದು ಕೇಳುತ್ತದೆ. ಒಂದು ಗಂಟೆ, ಒಂದು ದಿನ, ಒಂದು ವಾರ, ಎಲ್ಲ ಕಾಲದ್ದು ಎಂದೆಲ್ಲ ಇರುತ್ತದೆ. ಹಳೆಯ ಚೀಟಿಯೂ ಹೋಗಬೇಕಾದರೆ ಎಲ್ಲ ಕಾಲದ್ದು ಆರಿಸಿ. ಕೆಳಗೆ ಚೌಕಗಳು ಇರುತ್ತವೆ. ಎಲ್ಲಿಯೂ ಕಾಣದಿದ್ದರೆ "ಮೋರ್ ಆಪ್ಷನ್ಸ್" ಒತ್ತಿ. ಕುಕೀ ಎಂದು ಬರೆದ ಚೌಕದಲ್ಲಿ ಗುರುತು ಇರಲಿ. ಬ್ರೌಸಿಂಗ್ ಹಿಸ್ಟರಿ ಎಂಬ ಚೌಕದಲ್ಲೂ ಇರಲಿ. ಹಿಸ್ಟರಿ ಎಂದರೆ ನೀವು ತೆರೆದ ಪುಟಗಳ ಪಟ್ಟಿ. ಚೀಟಿ ತೆಗೆದು ಪಟ್ಟಿ ಬಿಟ್ಟರೆ ಏನು ಬಂತು? ಮಗ ಒಂದು ಅಕ್ಷರ ಒತ್ತುವಾಗಲೇ ನೀವು ನೋಡಿದ ಪುಟದ ಹೆಸರು ಎದ್ದು ಬರುತ್ತದೆ. ಪಾಸ್‌ವರ್ಡ್ ಎಂಬ ಚೌಕವನ್ನು ಮಾತ್ರ ಮುಟ್ಟಬೇಡಿ. ಕೊನೆಗೆ "ಡಿಲೀಟ್" ಒತ್ತಿ. ಆಯಿತು.

ಇದರಿಂದ ಏನು ಹೋಗುತ್ತದೆ? ಬ್ರೌಸರಿನಲ್ಲಿ ನೀವು ಒಳಗೆ ಹೋಗಿದ್ದ ಪುಟಗಳು ಮತ್ತೆ ಪಾಸ್‌ವರ್ಡ್ ಕೇಳುತ್ತವೆ. ಅಷ್ಟೆ. ಫೋಟೋ ಹೋಗುವುದಿಲ್ಲ. ಫೋನ್ ನಂಬರುಗಳು ಹೋಗುವುದಿಲ್ಲ. ವಾಟ್ಸಾಪ್ ಹೋಗುವುದಿಲ್ಲ. ಬ್ಯಾಂಕಿನ ಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಏನು ಹೋಗುವುದಿಲ್ಲ ಎಂದೂ ತಿಳಿದಿರಲಿ. ನಿಮ್ಮ ಕೈಯ ಚೀಟಿ ಹರಿದರೂ ಅಂಗಡಿಯವರ ಪುಸ್ತಕ ಅವರ ಹತ್ತಿರ ಹಾಗೇ ಉಂಟು. ಆದರೆ ಚೀಟಿ ಇಲ್ಲದೆ ಆ ಪುಟ ಯಾರದ್ದು ಎಂದು ಹುಡುಕುವುದು ಅವರಿಗೆ ಕಷ್ಟ. ಗೂಗಲ್ ಖಾತೆಯಲ್ಲಿ ನೀವು ಹುಡುಕಿದ್ದು ಉಳಿದಿರಬಹುದು. ಅದನ್ನು ಖಾತೆಯೊಳಗೆ ಹೋಗಿ ಬೇರೆಯಾಗಿ ಅಳಿಸಬೇಕು. ಫೇಸ್‌ಬುಕ್, ಯೂಟ್ಯೂಬ್ ಆ್ಯಪ್‌ಗಳು ಬೇರೆ ಮನೆ. ಕ್ರೋಮ್ ಗುಡಿಸಿದರೆ ಆ ಮನೆಯ ಕಸ ಹೋಗುವುದಿಲ್ಲ.

ಪ್ರತಿ ಸಲ ಅಳಿಸುವುದು ಬೇಸರವೇ? ಅದಕ್ಕೂ ದಾರಿ ಉಂಟು. ಅದೇ ಮೂರು ಚುಕ್ಕಿ ಒತ್ತಿದರೆ "ನ್ಯೂ ಇನ್‌ಕಾಗ್ನಿಟೋ ಟ್ಯಾಬ್" ಎಂದು ಇರುತ್ತದೆ. ಟೋಪಿ, ಕನ್ನಡಕದ ಚಿತ್ರ ಬರುತ್ತದೆ. ಅದರಲ್ಲಿ ಓದಿ, ಓದಿದ ಮೇಲೆ ಆ ಟ್ಯಾಬನ್ನೇ ಮುಚ್ಚಿದರೆ ಚೀಟಿ, ಪಟ್ಟಿ ಎರಡೂ ಫೋನಿನಲ್ಲಿ ಉಳಿಯುವುದಿಲ್ಲ. ಮುಚ್ಚಲು ಮರೆತರೆ ಮಾತ್ರ ತೆರೆದ ಪುಟ ಹಾಗೇ ಇರುತ್ತದೆ. ನನ್ನ ಮಟ್ಟಿಗೆ, ಮನೆಗೆ ಒಂದೇ ಫೋನು ಇರುವವರಿಗೆ ಇದೇ ಸುಲಭ.

ಬೇರೆಯವರ ಫೋನಿನಲ್ಲಿ

ಇದು ಮನೆಯ ವಿಷಯ ಆಯಿತು. ಕೆಲವೊಮ್ಮೆ ಪಕ್ಕದ ಮನೆಯವರ ಫೋನಿನಲ್ಲಿ, ಅಂಗಡಿಯ ಕಂಪ್ಯೂಟರಿನಲ್ಲಿ ನಮ್ಮ ಇಮೇಲ್, ಬ್ಯಾಂಕ್ ಖಾತೆ ತೆರೆಯಬೇಕಾಗುತ್ತದೆ. ಆಗ ನಮ್ಮ ಚೀಟಿ ಅವರಲ್ಲಿ ಉಳಿಯುತ್ತದೆ. ಮನೆಯ ಬೀಗದ ಕೈ ಬಿಟ್ಟು ಬಂದ ಹಾಗೆ. ಇಮೇಲ್ ಆದರೆ ಮರುದಿನವೂ ಅವರು ಪಾಸ್‌ವರ್ಡ್ ಇಲ್ಲದೆ ಒಳಗೆ ಹೋಗಬಹುದು. ಬ್ಯಾಂಕಿನ ಪುಟ ಸ್ವಲ್ಪ ಹೊತ್ತಿನಲ್ಲಿ ತಾನೇ ಮುಚ್ಚುವುದುಂಟು. ಆ ಸ್ವಲ್ಪ ಹೊತ್ತು ಸಾಲದೇ? ಆದ್ದರಿಂದ ಕೆಲಸ ಮುಗಿದ ಕೂಡಲೇ "ಲಾಗ್ ಔಟ್" ಅಥವಾ "ಸೈನ್ ಔಟ್" ಒತ್ತಬೇಕು. ಬರೀ ಪುಟ ಮುಚ್ಚಿದರೆ ಸಾಲದು. ಪಾಸ್‌ವರ್ಡ್ "ಸೇವ್" ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ.

"ನಿಮ್ಮ ಫೋನಿನ ಕುಕೀ ತೆಗೆದು ಕೊಡುತ್ತೇವೆ, ಒಟಿಪಿ ಹೇಳಿ" ಎಂದು ಯಾರಾದರೂ ಫೋನು ಮಾಡಿದರೆ ಇಟ್ಟುಬಿಡಿ. ಕುಕೀ ತೆಗೆಯಲು ಒಟಿಪಿ ಬೇಡ, ಹಣವೂ ಬೇಡ. ಮೋಸ ಹೋಗಿ ಹಣ ಕಳೆದುಕೊಂಡರೆ ತಡ ಮಾಡದೆ 1930ಕ್ಕೆ ಫೋನು ಮಾಡಿ.

ನಮ್ಮ ವಿವರಗಳ ಬಗ್ಗೆ ದೇಶದಲ್ಲಿ 2023ರಲ್ಲಿ ಒಂದು ಕಾಯ್ದೆ ಬಂದಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಎಂದು ಹೆಸರು. ಹೆಸರು ಉದ್ದ, ಮಾತು ಸರಳ. ನಮ್ಮ ವಿವರ ಬಳಸಲು ನಮ್ಮ ಒಪ್ಪಿಗೆ ಕೇಳಬೇಕು. ಕೊಟ್ಟ ಒಪ್ಪಿಗೆಯನ್ನು ನಾವು ವಾಪಸು ಪಡೆಯಬಹುದು.

ಒಪ್ಪಿಗೆ ಕೇಳುವುದು ಎಲ್ಲಿ? ಕೆಲವು ಪುಟ ತೆರೆದ ಕೂಡಲೇ ಅಡ್ಡಕ್ಕೆ ಒಂದು ಪಟ್ಟಿ ಬರುತ್ತದೆ. "ಆಕ್ಸೆಪ್ಟ್ ಆಲ್" ಎಂದು ದೊಡ್ಡ ಬಣ್ಣದ ಗುಂಡಿ. ಅಂದರೆ ಎಲ್ಲ ಚೀಟಿಗೂ ಒಪ್ಪಿಗೆ ಎಂದು. ಅವಸರದಲ್ಲಿ ನಾವೆಲ್ಲ ಅದನ್ನೇ ಒತ್ತುತ್ತೇವೆ. ಅದರ ಹತ್ತಿರವೇ ಚಿಕ್ಕ ಅಕ್ಷರದಲ್ಲಿ "ರಿಜೆಕ್ಟ್" ಎಂದು ಇದೆಯೇ, ಒಮ್ಮೆ ಓದಿ ನೋಡಿ. ಇದ್ದರೆ ಅದನ್ನು ಒತ್ತಿ. ಹೆಚ್ಚಿನ ಪುಟಗಳು ಆಗಲೂ ತೆರೆಯುತ್ತವೆ.