ಗಡಿಯ ಓದುಗ ಮತ್ತು ಪುಸ್ತಕದ ಪಿಡಿಎಫ್: ಕಾನೂನು ಹೇಳುವುದೇನು, ನಾವು ಮಾಡಬೇಕಾದದ್ದೇನು?

ಇವತ್ತು ನಾನು ಮಾತಾಡೋ ವಿಷಯ ನಮ್ಮೆಲ್ಲರ ಮೊಬೈಲಿನಲ್ಲೇ ಇದೆ. ಒಂದು ಪುಸ್ತಕವನ್ನು ಸ್ಕ್ಯಾನ್ ಮಾಡಿ ನಮ್ಮ ಓದಿಗಾಗಿ ಪಿಡಿಎಫ್ ಇಟ್ಟುಕೊಂಡರೆ ಅದು ಕಳ್ಳತನವೇ? ಅದನ್ನೇ ಗೆಳೆಯರಿಗೆ ಕಳಿಸಿದರೆ ಏನಾಗುತ್ತೆ? ಈ ಎರಡು ಪ್ರಶ್ನೆಗೆ ಉತ್ತರ ಬೇರೆ ಬೇರೆ ಅನ್ನೋದೇ ನನ್ನ ಮಾತಿನ ಸಾರ.

ಆದೋನಿ ಸೀಮೆಯಿಂದ ಈ ಪ್ರಶ್ನೆ ಕೇಳೋದಕ್ಕೆ ಕಾರಣ ಇದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದ ತಾಲೂಕುಗಳು ಮೈಸೂರಿಗೆ ಹೋದವು. ಕರ್ನೂಲು ಜಿಲ್ಲೆಯ ಈ ಪಶ್ಚಿಮ ಭಾಗದಲ್ಲಿ ಕನ್ನಡ ಮಾತಾಡೋ ಮನೆಗಳೂ ಕನ್ನಡ ಮಾಧ್ಯಮದ ಶಾಲೆಗಳೂ ಇಂದಿಗೂ ಇವೆ. ಆದರೆ ಕರ್ನಾಟಕ ಸರ್ಕಾರ ಸಗಟು ಖರೀದಿಯಲ್ಲಿ ಕೊಳ್ಳುವ ಪುಸ್ತಕಗಳು ಹೋಗೋದು ಆ ರಾಜ್ಯದ ಗ್ರಂಥಾಲಯಗಳಿಗೆ. ನಮ್ಮಲ್ಲಿ ಎಂ.ಎ. ಓದುವ ಹುಡುಗ ಒಂದು ವಿಮರ್ಶಾ ಗ್ರಂಥಕ್ಕಾಗಿ ಬಳ್ಳಾರಿಗೋ ರಾಯಚೂರಿಗೋ ಹೋಗಬೇಕು, ಇಲ್ಲವೇ ಅಂಚೆಯಲ್ಲಿ ತರಿಸಬೇಕು. ಹೀಗಾಗಿ ಇಲ್ಲಿ ಪಿಡಿಎಫ್ ಅನ್ನೋದು ಬರೀ ಸೋಮಾರಿತನದ ಮಾತಲ್ಲ.

ಮೊದಲು ಕಾನೂನು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ಯಾವ ಯಾವ ಬಳಕೆ ಉಲ್ಲಂಘನೆ ಅಲ್ಲ ಅಂತ ಪಟ್ಟಿ ಕೊಡುತ್ತೆ. ಅದರ 52(1)(ಎ) ಪ್ರಕಾರ ಸಂಶೋಧನೆಯೂ ಸೇರಿದಂತೆ ಖಾಸಗಿ ಅಥವಾ ವೈಯಕ್ತಿಕ ಬಳಕೆಗೆ ಕೃತಿಯನ್ನು ನ್ಯಾಯೋಚಿತವಾಗಿ ಬಳಸಬಹುದು. ಇಂಥ ಉದ್ದೇಶಕ್ಕೆ ಕೃತಿಯನ್ನು ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಸಂಗ್ರಹಿಸಿದರೂ ಉಲ್ಲಂಘನೆ ಆಗೋದಿಲ್ಲ ಅಂತ 2012ರ ತಿದ್ದುಪಡಿ ವಿವರಣೆ ಸೇರಿಸಿತು. ಅಂದರೆ ನಮ್ಮ ಓದಿಗೆ ನಾವು ಮಾಡಿಕೊಂಡ ಡಿಜಿಟಲ್ ಪ್ರತಿಗೆ ಕಾಯ್ದೆಯಲ್ಲೇ ಜಾಗ ಇದೆ.

ಆದರೆ 'ನ್ಯಾಯೋಚಿತ' ಅನ್ನೋ ಮಾತನ್ನು ಮರೆಯಬಾರದು. ಕಾಯ್ದೆ ಇಷ್ಟು ಪುಟ, ಇಷ್ಟು ಶೇಕಡಾ ಅಂತ ಲೆಕ್ಕ ಹಾಕಿಲ್ಲ. 1996ರ ಸಿವಿಕ್ ಚಂದ್ರನ್ ಪ್ರಕರಣದಲ್ಲಿ ಕೇರಳ ಹೈಕೋರ್ಟ್ ಮೂರು ಸಂಗತಿ ನೋಡಬೇಕು ಅಂತ ಹೇಳಿತು: ಎಷ್ಟು ಮತ್ತು ಎಂಥ ಭಾಗ ತೆಗೆದುಕೊಂಡಿದ್ದೀರಿ, ಯಾವ ಉದ್ದೇಶಕ್ಕೆ, ಮೂಲ ಕೃತಿಗೆ ಅದು ಪೈಪೋಟಿ ಕೊಡುತ್ತೋ ಇಲ್ಲವೋ. ಅದು ನಾಟಕಕ್ಕೆ ಸಂಬಂಧಿಸಿದ ಮೊಕದ್ದಮೆ, ಆದರೂ ಆ ಅಳತೆ ನಮಗೂ ಉಪಯೋಗಕ್ಕೆ ಬರುತ್ತೆ. ಕೊಂಡ ಪುಸ್ತಕದ ಒಂದು ಅಧ್ಯಾಯ ಸ್ಕ್ಯಾನ್ ಮಾಡಿ ಟಿಪ್ಪಣಿ ಹಾಕಿಕೊಂಡರೆ ಯಾರ ವ್ಯಾಪಾರವೂ ಕೆಡೋದಿಲ್ಲ. ಅಂಗಡಿಯಲ್ಲಿ ಸಿಗುವ ಹೊಸ ಕಾದಂಬರಿಯನ್ನು ಎರವಲು ತಂದು ಪೂರ್ತಿ ಸ್ಕ್ಯಾನ್ ಮಾಡಿದರೆ ಒಂದು ಮಾರಾಟ ತಪ್ಪಿತು. 'ನನಗೋಸ್ಕರ ಮಾತ್ರ' ಅಂದರೂ ಅದು ನ್ಯಾಯೋಚಿತ ಅಂತ ವಾದಿಸೋದು ಕಷ್ಟ.

ಎರಡನೇದು ಪಾಠದ ವಿಷಯ. ಬೋಧನೆಯ ಸಂದರ್ಭದಲ್ಲಿ ಶಿಕ್ಷಕ ಅಥವಾ ವಿದ್ಯಾರ್ಥಿ ಪ್ರತಿ ಮಾಡಿಕೊಳ್ಳೋದಕ್ಕೆ 52(1)(ಐ) ಅವಕಾಶ ಕೊಡುತ್ತೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿ, ರಾಮೇಶ್ವರಿ ಫೋಟೊಕಾಪಿ ಸರ್ವಿಸಸ್ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಮುಂತಾದ ಪ್ರಕಾಶಕರು 2012ರಲ್ಲಿ ಮೊಕದ್ದಮೆ ಹೂಡಿದ್ದು ನಿಮಗೆ ಗೊತ್ತಿರಬಹುದು. 2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅಂಗಡಿಯ ಪರವಾಗಿ ತೀರ್ಪು ಕೊಟ್ಟಿತು. ಡಿಸೆಂಬರಿನಲ್ಲಿ ವಿಭಾಗೀಯ ಪೀಠವೂ ಪಾಠಕ್ಕೆ ಬೇಕಾದಷ್ಟು ಪ್ರತಿ ಮಾಡಬಹುದು ಅಂದಿತು. ಆದರೆ ಇಡೀ ಪುಸ್ತಕ ನಕಲು ಮಾಡೋದು ಸರಿಯೇ ಅನ್ನೋದನ್ನು ವಿಚಾರಣೆಗೆ ಬಿಟ್ಟಿತು. 2017ರಲ್ಲಿ ಪ್ರಕಾಶಕರು ಮೊಕದ್ದಮೆಯನ್ನೇ ಹಿಂತೆಗೆದುಕೊಂಡರು, ಆ ಪ್ರಶ್ನೆ ಅಲ್ಲಿಗೇ ನಿಂತಿತು. ಹಾಗಾಗಿ ಮೇಷ್ಟ್ರು ತರಗತಿಗೆ ಬೇಕಾದ ಲೇಖನವನ್ನು ಕೊಡೋದಕ್ಕೂ ಇಡೀ ಗ್ರಂಥವನ್ನು ಯಾರು ಬೇಕಾದರೂ ಸೇರಬಹುದಾದ ಟೆಲಿಗ್ರಾಂ ಗುಂಪಿಗೆ ಹಾಕೋದಕ್ಕೂ ಬಹಳ ಅಂತರ ಇದೆ. ಎರಡನೆಯದು ಸಾರ್ವಜನಿಕ ಹಂಚಿಕೆ. ಅಲ್ಲಿ 'ವೈಯಕ್ತಿಕ' ಅನ್ನೋ ಮಾತು ನಿಲ್ಲೋದಿಲ್ಲ.

ಮೂರನೇದು ಅವಧಿ. ಲೇಖಕರು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಇರುತ್ತೆ. ಮಂಜೇಶ್ವರ ಗೋವಿಂದ ಪೈ ಅವರು 1963ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಎಲ್ಲರವೂ ಆದವು. ಬೀಚಿ ತೀರಿಕೊಂಡದ್ದು 1980ರಲ್ಲಿ, ಅವರ ಕೃತಿಗಳಿಗೆ 2040ರ ಕೊನೆಯವರೆಗೆ ಹಕ್ಕಿದೆ. ನಮ್ಮ ಚಿಪ್ಪಗಿರಿಯ ವಿಜಯದಾಸರು 18ನೇ ಶತಮಾನದವರು, ಅವರ ಸುಳಾದಿಗಳಿಗೆ ಯಾರ ಹಕ್ಕೂ ಇಲ್ಲ. ಆದರೆ ಈಚೆಗೆ ಒಬ್ಬ ವಿದ್ವಾಂಸರು ಆ ಸುಳಾದಿಗಳನ್ನು ಸಂಪಾದಿಸಿ ಬರೆದ ಪ್ರಸ್ತಾವನೆ, ಅರ್ಥ, ಟಿಪ್ಪಣಿ ಅವರ ದುಡಿಮೆ. ಹಾಡು ಎಲ್ಲರದು, ಟಿಪ್ಪಣಿ ಅವರದು. ಸ್ಕ್ಯಾನ್ ಮಾಡುವಾಗ ಈ ಎರಡನ್ನೂ ಒಂದೇ ಅಂದುಕೊಳ್ಳಬಾರದು.

ಈಗ ನೈತಿಕತೆಗೆ ಬರೋಣ. 'ಇಲ್ಲಿ ಸಿಗೋದಿಲ್ಲ, ಅದಕ್ಕೇ ಹಂಚ್ತೀವಿ' ಅನ್ನೋದು ನಮ್ಮ ಕಡೆಯ ಸಾಮಾನ್ಯ ವಾದ. ಸಾರ್ವಜನಿಕ ಗ್ರಂಥಾಲಯಕ್ಕೆ 52(1)(ಓ) ಕೊಡುವ ರಿಯಾಯಿತಿ ನೋಡಿ. ಪುಸ್ತಕ ಭಾರತದಲ್ಲಿ ಮಾರಾಟಕ್ಕೆ ಸಿಗದಿದ್ದರೆ ಗ್ರಂಥಾಲಯ ತನ್ನ ಬಳಕೆಗೆ ಮೂರು ಪ್ರತಿವರೆಗೆ ಮಾಡಬಹುದು. ಗಮನಿಸಿ, ಭಾರತದಲ್ಲಿ ಸಿಗದಿದ್ದರೆ; ಆದೋನಿಯಲ್ಲಿ ಸಿಗದಿದ್ದರೆ ಅಂತ ಅಲ್ಲ. ದೂರ ಇರೋದು ಬೇರೆ, ಇಲ್ಲದೇ ಇರೋದು ಬೇರೆ. ನಮ್ಮ ನೈತಿಕ ಲೆಕ್ಕದಲ್ಲೂ ಈ ಭೇದ ಇರಬೇಕು ಅಂತ ನನಗನ್ನಿಸುತ್ತೆ. ಕನ್ನಡದಲ್ಲಿ ಎಷ್ಟೋ ಪುಸ್ತಕ ಅಚ್ಚಾಗೋದೇ ಸಾವಿರ ಪ್ರತಿ. ಅದರಲ್ಲಿ ನೂರು ಮಾರಾಟ ತಪ್ಪಿದರೂ ಸಣ್ಣ ಪ್ರಕಾಶಕ ಮುಂದಿನ ಪುಸ್ತಕಕ್ಕೆ ಕೈ ಹಾಕೋದಿಲ್ಲ. ಗಡಿನಾಡಿನ ಲೇಖಕನ ಮೊದಲ ಪುಸ್ತಕವನ್ನು ನಾವೇ ಪಿಡಿಎಫ್ ಮಾಡಿ ಹಂಚಿದರೆ ಪೆಟ್ಟು ಬೀಳೋದು ದೊಡ್ಡ ಕಂಪನಿಗಲ್ಲ, ನಮ್ಮವನಿಗೇ.

ಆದರೆ ಮರುಮುದ್ರಣವೇ ಕಾಣದ ಪುಸ್ತಕದ ಮಾತು ಬೇರೆ. ಅಲ್ಲಿ ತಪ್ಪಿಹೋಗುವ ಮಾರಾಟ ಇಲ್ಲ, ಪುಸ್ತಕವೇ ಕಳೆದುಹೋಗುವ ಭಯ ಇದೆ. ಒಬ್ಬ ಸಂಶೋಧಕ ಇನ್ನೊಬ್ಬರಿಗೆ ಅಂಥ ಪುಸ್ತಕದ ಪ್ರತಿ ಕೊಟ್ಟರೆ ನಾನು ಅದನ್ನು ಅನೈತಿಕ ಅನ್ನಲಾರೆ. ಹಾಗಂತ ಕಾನೂನು ಅದನ್ನು ಪೂರ್ತಿ ಒಪ್ಪುತ್ತೆ ಅಂತಲೂ ಹೇಳಲಾರೆ. ಇಲ್ಲಿ ಸರಿಯಾದ ದಾರಿ ಅನುಮತಿ ಕೇಳೋದು. ನಿರಂಜನರ ಕೃತಿಗಳನ್ನು ಅವರ ಕುಟುಂಬದವರು 2014ರಲ್ಲಿ ಮುಕ್ತ ಪರವಾನಗಿಗೆ ಬಿಟ್ಟುಕೊಟ್ಟರು. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶವನ್ನು ಹಾಗೇ ಮುಕ್ತವಾಗಿ ಕೊಟ್ಟಿತು. ಕೇಳಿದರೆ ಕೊಡುವವರು ಇದ್ದಾರೆ.

ಚರ್ಚೆಯಲ್ಲಿ ಮೇಡಂ ಒಬ್ಬರು, ಹಾಗಾದರೆ ನಮ್ಮ ವಿದ್ಯಾರ್ಥಿಗಳಿಗೆ ಏನು ಹೇಳಲಿ ಅಂತ ಕೇಳಿದರು. ನಾನು ಹೇಳಿದ್ದು ಇಷ್ಟು: ಕೊಂಡ ಪುಸ್ತಕದಲ್ಲಿ ಓದಿಗೆ ಬೇಕಾದಷ್ಟು ಭಾಗ ಸ್ಕ್ಯಾನ್ ಮಾಡಿಕೊಳ್ಳಲಿ, ಪುಸ್ತಕ ಮಾರಿದರೆ ಪಿಡಿಎಫ್ ಅನ್ನೂ ಅಳಿಸಲಿ. ಎರವಲು ತಂದದ್ದರಲ್ಲಿ ಪೂರ್ತಿ ಪುಸ್ತಕ ಬೇಡ. ಅಂಗಡಿಯಲ್ಲಿ ಸಿಗುವ ಪುಸ್ತಕವನ್ನು ನಾಲ್ಕು ಜನ ಸೇರಿ ಒಂದು ಪ್ರತಿ ತರಿಸಿ ಸರದಿ ಮೇಲೆ ಓದಲಿ. ಮಾರಾಟಕ್ಕೆ ಸಿಗದ ಪುಸ್ತಕಕ್ಕೆ ಲೇಖಕರಿಗೋ ಅವರ ವಾರಸುದಾರರಿಗೋ ಒಂದು ಪತ್ರ ಬರೆಯಲಿ. ಆ ಪತ್ರವನ್ನು ವಿಭಾಗದ ಹೆಸರಿನಲ್ಲಿ ನಾವೇ ಬರೆದರೆ ಇನ್ನೂ ಒಳ್ಳೇದು. ಬಳ್ಳಾರಿಯಿಂದ ಪುಸ್ತಕ ತರಿಸೋ ಹೊಣೆಯನ್ನು ಹುಡುಗರ ಮೇಲೆ ಹಾಕಿ ಕಾಪಿರೈಟ್ ಪಾಠ ಮಾತ್ರ ಹೇಳಿದರೆ ನಮ್ಮ ಕೆಲಸ ಅರ್ಧವೇ ಆದಂತೆ.