ವಿಚ್ಛೇದನವಾದರೆ ಅಂಗಡಿ ಯಾರಿಗೆ, ಜೀವನಾಂಶ ಎಷ್ಟು?

ಗಂಡ ಹೆಂಡತಿ ಸೇರಿ ಬೇಕರಿ ನಡೆಸುತ್ತಿದ್ದಾರೆ ಎಂದುಕೊಳ್ಳಿ. ಬೆಳಗಿನ ಜಾವ ಒಲೆಯ ಮುಂದೆ ನಿಲ್ಲುವವನು ಅವನು. ಗಲ್ಲಾ, ಉದ್ರಿ ಪುಸ್ತಕ, ಮೈದಾದವರ ಬಾಕಿ ನೋಡಿಕೊಳ್ಳುವವಳು ಅವಳು. ಲೈಸೆನ್ಸು, ಜಿಎಸ್‌ಟಿ ಎಲ್ಲ ಅವನ ಹೆಸರಿನಲ್ಲಿ. ಇಬ್ಬರೂ ಬೇರೆಯಾದರೆ ಅಂಗಡಿಯಲ್ಲಿ ಅರ್ಧರ್ಧ ಎಂದು ಬಹಳ ಮಂದಿ ನಂಬಿದ್ದಾರೆ. ಕಾನೂನು ಹಾಗಿಲ್ಲ. ಮದುವೆಯಾದ ಮೇಲೆ ಗಳಿಸಿದ್ದೆಲ್ಲ ಇಬ್ಬರದೂ ಎಂಬ ನಿಯಮ ಕರ್ನಾಟಕದಲ್ಲಿಲ್ಲ. ದುಡಿಮೆ ಎಷ್ಟೇ ಇರಲಿ, ವ್ಯವಹಾರದಲ್ಲಿ ಪಾಲು ಸಿಗುವುದು ಮುಖ್ಯವಾಗಿ ಕಾಗದಪತ್ರದ ಮೇಲೆ.

ಪಾಲಿನ ಲೆಕ್ಕ

ಪಾಲುದಾರಿಕೆ ಪತ್ರವಿದ್ದರೆ ಅದರಲ್ಲಿ ಬರೆದಂತೆ ಪಾಲು. ಕಂಪನಿಯಾಗಿದ್ದರೆ ಅವರವರ ಹೆಸರಿನ ಷೇರು. ಗಂಡನೊಬ್ಬನೇ ಮಾಲೀಕನಾಗಿದ್ದರೆ, ತಾನು ಹಾಕಿದ ಹಣಕ್ಕೆ ಹೆಂಡತಿ ದಾಖಲೆ ತೋರಿಸಬೇಕಾಗುತ್ತದೆ. ಅವಳ ಒಡವೆ ಅಡವಿಟ್ಟು ಓವನ್ ಕೊಂಡಿದ್ದರೆ ಆ ಅಡಮಾನದ ರಸೀದಿ, ಬ್ಯಾಂಕ್ ಪಾಸ್‌ಬುಕ್ ಬಹಳ ಬೆಲೆಯುಳ್ಳವು. ಸ್ತ್ರೀಧನ ಸಂಪೂರ್ಣವಾಗಿ ಅವಳದೇ.

ಮುಂದಿನ ಹೆಜ್ಜೆ ವ್ಯವಹಾರದ ಬೆಲೆ ಕಟ್ಟುವುದು. ಇದಕ್ಕೆ ಇಬ್ಬರೂ ಒಪ್ಪುವ ಸಿಎ ಇದ್ದರೆ ಒಳ್ಳೆಯದು. ಒಂದು ಉದಾಹರಣೆ: ಓವನ್, ಮಿಕ್ಸರ್, ಸರಕು, ಮಳಿಗೆಯ ಅಡ್ವಾನ್ಸ್, ಬರಬೇಕಾದ ಬಾಕಿ ಸೇರಿ 28 ಲಕ್ಷ ರೂಪಾಯಿ. ಅಂಗಡಿಯ ಹೆಸರಿಗೆ, ಅಂದರೆ ಗುಡ್‌ವಿಲ್‌ಗೆ, 6 ಲಕ್ಷ. ಸಾಲ ಮತ್ತು ಕೊಡಬೇಕಾದ ಬಾಕಿ 10 ಲಕ್ಷ. ಉಳಿದದ್ದು 24 ಲಕ್ಷ. ಪತ್ರದಲ್ಲಿ ಹೆಂಡತಿಯ ಪಾಲು ಶೇ 40 ಇದ್ದರೆ ಅವಳಿಗೆ 9.6 ಲಕ್ಷ. ಓವನ್ನನ್ನು ಕಡಿದು ಹಂಚಲಾಗದು. ಒಬ್ಬರು ಅಂಗಡಿ ಉಳಿಸಿಕೊಂಡು ಇನ್ನೊಬ್ಬರಿಗೆ ಹಣ ಕೊಡುವುದು, ಬೇಕಾದರೆ ಕಂತಿನಲ್ಲಿ, ಸಾಮಾನ್ಯ ದಾರಿ.

ಜೀವನಾಂಶದ ಲೆಕ್ಕವೇ ಬೇರೆ

ಕಾಗದದಲ್ಲಿ ಹೆಸರಿಲ್ಲದವರೂ ಜೀವನಾಂಶ ಕೇಳಬಹುದು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಕೇಸು ನಡೆಯುವಾಗಿನ ಖರ್ಚಿಗೆ 24ನೇ ಸೆಕ್ಷನ್, ಶಾಶ್ವತ ಜೀವನಾಂಶಕ್ಕೆ 25ನೇ ಸೆಕ್ಷನ್ ಇದೆ. ಗಂಡ ಹೆಂಡತಿ ಇಬ್ಬರಲ್ಲಿ ಯಾರು ಬೇಕಾದರೂ ಕೇಳಬಹುದು. ಇಂತಿಷ್ಟೇ ಎಂಬ ಸೂತ್ರವಿಲ್ಲ. ಇಬ್ಬರ ಆದಾಯ, ಆಸ್ತಿ, ವಯಸ್ಸು, ಆರೋಗ್ಯ, ಮಕ್ಕಳ ಹೊಣೆ, ಈವರೆಗಿನ ಜೀವನಮಟ್ಟ, ಸಂಸಾರಕ್ಕಾಗಿ ಬಿಟ್ಟ ಕೆಲಸ ಇವನ್ನೆಲ್ಲ ನ್ಯಾಯಾಲಯ ನೋಡುತ್ತದೆ.

ನಗದು ವ್ಯಾಪಾರದಲ್ಲಿ ಆದಾಯ ಕಡಿಮೆ ತೋರಿಸುವುದು ದೊಡ್ಡ ತಕರಾರು. ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಇದಕ್ಕೆ ದಾರಿ ತೋರಿಸಿತು: ಇಬ್ಬರೂ ಆಸ್ತಿ, ಸಾಲ, ಆದಾಯದ ಅಫಿಡವಿಟ್ ಸಲ್ಲಿಸಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರಬೇಕು. ಐಟಿ ರಿಟರ್ನ್‌ನಲ್ಲಿ ಲಾಭ ಇಲ್ಲವೆಂದಿದ್ದರೂ ಮೈದಾ ಖರೀದಿಯ ಬಿಲ್ಲು, ವಿದ್ಯುತ್ ಬಿಲ್ಲು, ಯುಪಿಐ ಜಮೆ ನಿಜವಾದ ವಹಿವಾಟನ್ನು ಹೇಳುತ್ತವೆ. ಅವುಗಳ ಪ್ರತಿ ಇಟ್ಟುಕೊಳ್ಳಿ.

ಸಹಿ ಹಾಕುವ ಮುನ್ನ

ಪರಸ್ಪರ ಒಪ್ಪಿಗೆಯ ವಿಚ್ಛೇದನವಾದರೆ ಪಾಲಿನ ಹಣ, ಜೀವನಾಂಶ, ಮಕ್ಕಳ ಖರ್ಚು ಮೂರನ್ನೂ ಬೇರೆ ಬೇರೆಯಾಗಿ, ತಾರೀಖು ಸಮೇತ ಬರೆಸಿ. ಒಟ್ಟಿಗೆ ಒಂದೇ ಮೊತ್ತ ಬರೆದರೆ ಯಾವುದು ಬಂತು, ಯಾವುದು ಬಾಕಿ ಎಂಬ ಜಗಳ ಮತ್ತೆ ಹುಟ್ಟುತ್ತದೆ. ಪಾಲುದಾರಿಕೆ ಬಿಡುವವರು ಸಾರ್ವಜನಿಕ ಪ್ರಕಟಣೆ ಕೊಡಬೇಕು. ಇಲ್ಲವಾದರೆ ಮುಂದಿನ ಸಾಲಗಳಿಗೂ ಹೊಣೆ ತಗಲಬಹುದು. ಬ್ಯಾಂಕಿನ ಸಾಲಕ್ಕೆ ಹಾಕಿದ ಜಾಮೀನು ವಿಚ್ಛೇದನದಿಂದ ತಾನಾಗಿ ರದ್ದಾಗುವುದಿಲ್ಲ. ಆ ಜಾಮೀನಿನಿಂದ ಬಿಡುಗಡೆ ಮಾಡಿದ್ದೇವೆಂಬ ಬ್ಯಾಂಕಿನ ಪತ್ರ ಕೈಗೆ ಬರುವವರೆಗೆ ಕೊನೆಯ ಸಹಿ ಹಾಕಬೇಡಿ.