ಖಾಲಿ ಬುರುಡೆಯ ಬೆಲೆ

ಹಾಸನದ ಕಡೆಯ ಓದುಗರೊಬ್ಬರು ಮೂರು ಫೋಟೊ ಕಳಿಸಿದ್ದಾರೆ. ಗೇಣಿಗೆ ತುಸು ಕಮ್ಮಿ ಉದ್ದದ, ದಪ್ಪ ಗಾಜಿನ ಬುರುಡೆ. ನೆತ್ತಿಯ ಮೇಲೆ ಲೋಹದ ಟೋಪಿ, ಬುಡದಲ್ಲಿ ಏಳು ದಪ್ಪ ಪಿನ್ನು, ನಡುವೆ ಕಪ್ಪನೆಯ ತಗಡಿನ ಗೂಡು. ಪಟ್ಟಿಯ ಮೇಲೆ ಅರ್ಧ ಅಳಿಸಿದ ಅಕ್ಷರ: ‘ಸಿವಿ26’. ಪಕ್ಕದಲ್ಲಿ ಪುಟ್ಟದೊಂದು ಬಾಣದ ಗುರುತು. ತೀರಿಹೋದ ಚಿಕ್ಕಪ್ಪನ ಟ್ರಂಕಿನಲ್ಲಿ, ಹಳೇ ಪಂಚೆಯಲ್ಲಿ ಸುತ್ತಿಟ್ಟಿತ್ತಂತೆ. ಸುದ್ದಿ ಹೇಗೋ ಹರಡಿ ಪಟ್ಟಣದಿಂದ ಒಬ್ಬ ಬಂದಿದ್ದಾನೆ. ‘ಇದರೊಳಗೆ ರೆಡ್ ಮರ್ಕ್ಯುರಿ ಇದೆ, ಎಂಟು ಲಕ್ಷ ಕೊಡಿಸುತ್ತೇನೆ, ಮೊದಲು ಪರೀಕ್ಷೆಯ ಖರ್ಚಿಗೆ ಹದಿನೈದು ಸಾವಿರ ಕೊಡಿ’ ಎಂದಿದ್ದಾನೆ. ‘ಏನು ಮಾಡಲಿ ಸಾರ್?’ ಎಂಬುದು ಪ್ರಶ್ನೆ.

ಕಾಫಿ ಕೊಟ್ಟು ಕಳಿಸಿಬಿಡಿ. ಹದಿನೈದು ಸಾವಿರ ನಿಮ್ಮ ಹತ್ತಿರವೇ ಇರಲಿ.

ಕೆಂಪು ಪಾದರಸದ ಕಥೆಗೆ ದೇಶ ಭಾಷೆಗಳ ಹಂಗಿಲ್ಲ. 2009ರಲ್ಲಿ ಸೌದಿ ಅರೇಬಿಯದಲ್ಲಿ ಸಿಂಗರ್ ಹೊಲಿಗೆ ಯಂತ್ರದ ಸೂಜಿಯಲ್ಲಿ ಅದಿದೆ ಎಂದು ಜನ ಹಳೇ ಮೆಷಿನ್ನುಗಳಿಗೆ ಮುಗಿಬಿದ್ದರು. ನಮ್ಮಲ್ಲಿ ಆ ಪಟ್ಟ ಮರದ ಬಾಗಿಲಿನ ಟೀವಿಗೆ, ವಾಲ್ವ್ ರೇಡಿಯೊಗೆ ಸಿಕ್ಕಿದೆ. ಬೆಳ್ಳುಳ್ಳಿ ಕಂಡರೆ ಓಡುತ್ತದಂತೆ, ಚಿನ್ನ ಕಂಡರೆ ಹತ್ತಿರ ಬರುತ್ತದಂತೆ, ಕನ್ನಡಿಯಲ್ಲಿ ಕಾಣುವುದಿಲ್ಲವಂತೆ. ಬುರುಡೆಯೊಳಗೆ ಏನಿದೆಯೋ, ಇದಂತೂ ಶುದ್ಧ ಬುರುಡೆ. ಫಿಲಿಪ್ಸ್‌ನ ಕೆಲವು ಹಳೇ ವಾಲ್ವುಗಳ ಮೈಗೆ ಕೆಂಪು ಬಣ್ಣ ಬಳಿದಿರುತ್ತದೆ, ನಿಜ. ಆಚೀಚಿನ ಗೊಂದಲದ ಸಿಗ್ನಲ್ ಒಳಗೆ ನುಗ್ಗದಿರಲಿ ಎಂದು ಗಾಜಿಗೆ ಲೇಪಿಸಿದ ಲೋಹದ ಮೇಲಿನ ಪೇಂಟು ಅದು. ಉಗುರಲ್ಲಿ ಕೆರೆದರೆ ಉದುರುತ್ತದೆ.

ತಮಾಷೆಯೆಂದರೆ, ಪಾದರಸವೇ ಇರುವ ವಾಲ್ವೂ ಒಂದುಂಟು. 866 ಎಂಬ ರೆಕ್ಟಿಫೈಯರ್. ಹಳೆಯ ಟ್ರಾನ್ಸ್‌ಮಿಟರುಗಳಿಗೆ ಸಾವಿರಾರು ವೋಲ್ಟಿನ ಡಿಸಿ ಒದಗಿಸಿದ್ದು ಅದು. ಅಲುಗಿಸಿದರೆ ಗಾಜಿನ ಒಳಮೈಯಲ್ಲಿ ಹನಿ ಉರುಳುತ್ತದೆ, ನಮ್ಮ ಥರ್ಮಾಮೀಟರಿನ ಅದೇ ಬೆಳ್ಳಿ ಬಣ್ಣದ ಪಾದರಸ. ಕೆಲಸಕ್ಕೆ ಇಳಿದಾಗ ನವಿಲು ನೀಲಿ. ನೋಡಲು ಹಬ್ಬ, ಒಡೆದರೆ ವಿಷ, ಮಾರಿದರೆ ಲಕ್ಷ ಬರುವುದಿಲ್ಲ.

ಇನ್ನು ನಿಮ್ಮ ಬುರುಡೆ, ಅದೂ ವಾಲ್ವೇ. ಬಾಣದ ಗುರುತು ಬ್ರಿಟಿಷ್ ಸರ್ಕಾರದ ಸ್ವತ್ತು ಎಂಬುದರ ಮುದ್ರೆ. ಸಿವಿ ಎಂದರೆ ಕಾಮನ್ ವಾಲ್ವ್, ಬ್ರಿಟನ್ನಿನ ಮೂರೂ ಸೇನೆಗಳಿಗೆ ಒಂದೇ ಪಟ್ಟಿ. ಆ ಪಟ್ಟಿಯ 26ನೆಯದು ಮತ್ತಾವುದೂ ಅಲ್ಲ, ಜಗತ್ತಿನ ಹವ್ಯಾಸಿ ರೇಡಿಯೊದವರು, ಅಂದರೆ ಹ್ಯಾಮ್‌ಗಳು, ‘ಎಂಟು-ಹದಿಮೂರು’ ಎಂದು ಮುದ್ದಿನಿಂದ ಕರೆಯುವ 813. ಅಮೆರಿಕದ ಆರ್‌ಸಿಎ ಕಂಪನಿ ಎರಡನೇ ಮಹಾಯುದ್ಧಕ್ಕೆ ಮುಂಚೆ ಹೊರತಂದ ಟೆಟ್ರೋಡ್, ಅಂದರೆ ನಾಲ್ಕು ಎಲೆಕ್ಟ್ರೋಡಿನ ವಾಲ್ವು. ಅಮೆರಿಕದ ಸೇನೆಯಲ್ಲಿ ಇದಕ್ಕೆ ವಿಟಿ-144 ಎಂದು ಹೆಸರು. ಫಿಲಿಪ್ಸ್ ಮನೆಯಲ್ಲಿ ಕ್ಯೂಬಿ2/250, ರಷ್ಯಾದಲ್ಲಿ ಜಿಯು-13, ಚೀನಾದಲ್ಲಿ ಎಫ್‌ಯು-13. ಊರೂರಿಗೆ ಒಂದೊಂದು ಹೆಸರಿನಲ್ಲಿ ಪೂಜೆಗೊಳ್ಳುವ ಗ್ರಾಮದೇವತೆಯ ಹಾಗೆ. ಬಿ-29 ಬಾಂಬರ್ ವಿಮಾನಗಳ ಎಆರ್‌ಟಿ-13 ಟ್ರಾನ್ಸ್‌ಮಿಟರಿನ ಎದೆಯಲ್ಲಿ ಕೂತಿದ್ದದ್ದು ಇದೇ.

ಹೆಸರಿನಲ್ಲೇ ಜಾತಕ ಬರೆದುಕೊಂಡ ವಾಲ್ವುಗಳೂ ಇವೆ. 4ಸಿಎಕ್ಸ್250ಬಿ ಎಂದಿದ್ದರೆ ನಾಲ್ಕು ಎಲೆಕ್ಟ್ರೋಡು, ಸಿ ಎಂದರೆ ಸೆರಾಮಿಕ್ ಮೈ, ಎಕ್ಸ್ ಎಂದರೆ ಆನೋಡು (ತಂತುವಿನಿಂದ ಹೊರಟ ಎಲೆಕ್ಟ್ರಾನು ಬಂದು ಸೇರುವ ಪ್ಲೇಟು) ಹೊರಗೇ ಇದ್ದು ಫ್ಯಾನಿನ ಗಾಳಿ ಬೇಡುತ್ತದೆ, 250 ಎಂದರೆ ಆನೋಡು ತಾಳಬಲ್ಲ ಬಿಸಿ, ವ್ಯಾಟ್‌ಗಳಲ್ಲಿ. 3-500ಝಡ್ ಎಂದರೆ ಮೂರು ಎಲೆಕ್ಟ್ರೋಡು, 500 ವ್ಯಾಟ್, ಗ್ರಿಡ್ಡಿಗೆ ಪ್ರತ್ಯೇಕ ಬಯಾಸ್ ವೋಲ್ಟೇಜ್ ಬೇಡ. ರಷ್ಯನ್ ಜಿಯುನಲ್ಲಿ ಜಿ ಎಂದರೆ ಜನರೇಟರ್ ವಾಲ್ವು. ಅವುಗಳ ಪೈಕಿ ಜಿಯು-50 ಗುರುತಿಸಲು ಹೆಸರೂ ಬೇಡ. ತಲೆಯ ಮೇಲೆ ಅಲ್ಯೂಮಿನಿಯಂ ಟೋಪಿ, ಟೋಪಿಗೆ ಹಿಡಿಕೆ. ಜರ್ಮನ್ ಸೇನೆಯ ಎಲ್‌ಎಸ್50ರ ಪಡಿಯಚ್ಚು. ಚಳಿಯಲ್ಲಿ ಕೈಗವಸು ತೊಟ್ಟ ಸಿಪಾಯಿಯೂ ಎಳೆದು ಬದಲಿಸಬಹುದಾದ ವಾಲ್ವು. ಆರ್‌ಸಿಎಯ 807, 813 ಮಾತ್ರ ಬರೀ ಸರಣಿ ಸಂಖ್ಯೆ. ಅದರಲ್ಲಿ ಅರ್ಥ ಹುಡುಕಿ ಒಂದು ಕಾಲದಲ್ಲಿ ನಾನೂ ದಿನ ಕಳೆದಿದ್ದೇನೆ.

ಅಕ್ಷರ ಪೂರಾ ಅಳಿಸಿಹೋದರೆ? ಆಗಲೇ ಮಜಾ. ವಾಲ್ವಿನ ತಂತುವಿಗೆ, ಅಂದರೆ ಫಿಲಮೆಂಟಿಗೆ, ತಕ್ಕ ವೋಲ್ಟೇಜ್ ಕೊಟ್ಟು ಬೆಳಕಿನ ಬಣ್ಣ ನೋಡಬೇಕು. ನಿಮ್ಮ 813ಕ್ಕೆ ಅದು 10 ವೋಲ್ಟ್, 5 ಆಂಪಿಯರ್. ರೇಡಿಯೊದ ಚಿಕ್ಕ ವಾಲ್ವುಗಳಲ್ಲಿ ಕಾಣುವುದು ಬೂದಿ ಮುಚ್ಚಿದ ಕೆಂಡದ ಮಂಕು ಕೆಂಪು, ಅವುಗಳ ಕ್ಯಾಥೋಡಿಗೆ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡಿನ ಲೇಪ. 813ರ ತಂತು ಹಾಗಲ್ಲ, ಸಂಜೆ ದೀಪದಂತೆ ಢಾಳಾದ ಹೊಂಬಣ್ಣ. ಕೋಣೆಯ ದೀಪ ಆರಿಸಿದರೆ ಅದರ ಬೆಳಕಲ್ಲಿ ಪುಸ್ತಕ ಓದಬಹುದು, ಓದಿದ್ದೇನೆ. ಆ ಬಣ್ಣ ಕಂಡಿತೆಂದರೆ ಇದು ಥೋರಿಯಂ ಬೆರೆತ ಟಂಗ್‌ಸ್ಟನ್ ತಂತು, ಅಂದರೆ ಟ್ರಾನ್ಸ್‌ಮಿಟರ್ ಕುಲದ ವಾಲ್ವು ಎಂದು ಬಹುಮಟ್ಟಿಗೆ ತೀರ್ಮಾನಿಸಬಹುದು.

ಥೋರಿಯಂ ನಮಗೆ ಹೊಸಬನಲ್ಲ. ಬಯಲಾಟದ ರಂಗಸ್ಥಳದಲ್ಲಿ ಗ್ಯಾಸ್‌ಲೈಟ್ ಭುಸುಗುಟ್ಟುತ್ತಿದ್ದದ್ದು ನೆನಪಿದೆಯೇ? ಪಂಪು ಹೊಡೆದಂತೆ ಹೊತ್ತಿಕೊಳ್ಳುತ್ತಿದ್ದ ಆ ಬಿಳೀ ಮ್ಯಾಂಟಲ್ ಬಹುಪಾಲು ಥೋರಿಯಂ ಆಕ್ಸೈಡೇ, ನೂರಕ್ಕೊಂದು ಪಾಲು ಸೀರಿಯಂ. ಅದಕ್ಕಾಗಿಯೇ ಮೊದಲ ಮಹಾಯುದ್ಧಕ್ಕೆ ಮುಂಚೆ ತಿರುವಾಂಕೂರಿನ ಕಡಲ ತೀರದ ಮೊನಜೈಟ್ ಮರಳು ಜರ್ಮನಿಗೆ ಹಡಗು ಹತ್ತುತ್ತಿತ್ತು. ಭೀಮನ ಬಣ್ಣದ ವೇಷಕ್ಕೆ ಬೆಳಕು ಕೊಟ್ಟ ಧಾತುವೇ ಬುರುಡೆಯೊಳಗೆ ಇನ್ನೊಂದು ಚಾಕರಿ ಮಾಡುತ್ತದೆ.

ಬರೀ ಟಂಗ್‌ಸ್ಟನ್ನಿನಿಂದ ಎಲೆಕ್ಟ್ರಾನು ಹೊರಡಿಸಲು ಅದನ್ನು ಸುಮಾರು 2500 ಕೆಲ್ವಿನ್‌ಗೆ ಕಾಯಿಸಬೇಕು. ಕರೆಂಟೂ ದಂಡ, ತಂತುವಿನ ಆಯುಸ್ಸೂ ದಂಡ. ಅದಕ್ಕೆ ನೂರಕ್ಕೆ ಒಂದೆರಡು ಪಾಲು ಥೋರಿಯಂ ಆಕ್ಸೈಡ್ ಬೆರೆಸಿದರೆ 2000 ಕೆಲ್ವಿನ್ ಸಾಕು. ಬಿಸಿಗೆ ಒಳಗಿನ ಥೋರಿಯಂ ಪರಮಾಣುಗಳು ನಿಧಾನವಾಗಿ ಮೇಲಕ್ಕೆ ತೆವಳಿ ತಂತುವಿನ ಮೈಮೇಲೆ ಒಂದೇ ಒಂದು ಪರಮಾಣುವಿನಷ್ಟು ದಪ್ಪದ ಪದರ ಕಟ್ಟುತ್ತವೆ. ಎಲೆಕ್ಟ್ರಾನಿಗೆ ಹೊಸ್ತಿಲು ತಗ್ಗಿದಂತಾಗುತ್ತದೆ, ದಾಟಿ ಹೊರಡುತ್ತದೆ. ಪದರ ಆವಿಯಾಗುತ್ತಲೇ ಇರುತ್ತದೆ, ಒಳಗಿನಿಂದ ಹೊಸದು ಬರುತ್ತಲೇ ಇರುತ್ತದೆ. ಕಾದ ಹಾಲಿನ ಕೆನೆ ತೆಗೆದಷ್ಟೂ ಮತ್ತೆ ಕಟ್ಟುವ ಹಾಗೆ. ಹಾಲಿನಲ್ಲಿ ಜಿಡ್ಡು ಮುಗಿದ ದಿನ ವಾಲ್ವೂ ಮುಗಿಯಿತು. ಉರಿ ಜೋರಾದರೆ ಕೆನೆ ಬೇಗ ಖರ್ಚು, ತೀರಾ ಸಣ್ಣದಾದರೆ ಕಟ್ಟುವುದೇ ಇಲ್ಲ. ಅದಕ್ಕೇ ತಂತುವಿನ ವೋಲ್ಟೇಜು ನೂರಕ್ಕೆ ಐದರ ಆಚೀಚೆ ಹೋಗಬಾರದು ಎಂಬ ಕಟ್ಟಪ್ಪಣೆ.

ಕೆನೆ ಕಟ್ಟಲು ಪಾತ್ರೆ ಚೊಕ್ಕಟವಿರಬೇಕು. ಇಲ್ಲಿ ಚೊಕ್ಕಟವೆಂದರೆ ಖಾಲಿ. ಚೂರೇ ಚೂರು ಆಮ್ಲಜನಕ ನುಸುಳಿದರೂ ಆ ಒಂದೆಳೆ ಪದರ ಹಾಳು. ಅಂದರೆ ಎಂಟು ಲಕ್ಷದವನು ಹುಡುಕುತ್ತಿರುವುದು ಬುರುಡೆಯೊಳಗೆ ಏನಿದೆ ಎಂದು. ವಾಲ್ವಿನ ಬೆಲೆಯಿರುವುದೋ, ಒಳಗೆ ಏನೂ ಇಲ್ಲ ಎಂಬುದರಲ್ಲಿ!

ಇಷ್ಟು ವರ್ಷ ಖಾಲಿತನ ಕಾಯುವವರು ಯಾರು? ರೇಡಿಯೊ ವಾಲ್ವುಗಳ ನೆತ್ತಿಯ ಒಳಗೆ ಕನ್ನಡಿಯಂಥ ಬೆಳ್ಳಿ ಮಚ್ಚೆ ನೋಡಿರುತ್ತೀರಿ. ಅನೇಕರು ಪಾದರಸ ಎಂದು ತಿಳಿಯುವುದು ಇದನ್ನೇ. ಅದು ಬೇರಿಯಂ. ಹೆಸರು ಗೆಟ್ಟರ್. ಗಾಜು ಲೋಹಗಳಿಂದ ಒಸರುವ ಅನಿಲವನ್ನು ಹೀರಿಕೊಂಡು ತನ್ನಲ್ಲೇ ಕಟ್ಟಿಹಾಕುತ್ತದೆ. ಮಚ್ಚೆ ಬೆಳ್ಳಿಯಾಗಿದ್ದರೆ ಒಳಗೆ ಕ್ಷೇಮ, ಹಾಲುಬಿಳಿಯಾಗಿದ್ದರೆ ಗಾಳಿ ಹೊಕ್ಕಿದೆ, ಮೀಟರೇ ಬೇಡ.

3-500ಝಡ್‌ನಂಥ ದೊಡ್ಡ ವಾಲ್ವಿನಲ್ಲಿ ಈ ಬೆಳ್ಳಿ ಮಚ್ಚೆ ಇರುವುದಿಲ್ಲ. ‘ಗೆಟ್ಟರೇ ಇಲ್ಲ, ಡೂಪ್ಲಿಕೇಟ್ ಮಾಲು’ ಎಂದು ಬೆಂಗಳೂರಿನ ಎಸ್.ಪಿ. ರೋಡಿನ ಗುಜರಿಯಲ್ಲಿ ಜಗಳಕ್ಕಿಳಿದವರನ್ನು ನೋಡಿದ್ದೇನೆ. ಅಷ್ಟು ಬಿಸಿಯಲ್ಲಿ ಬೇರಿಯಂ ನಿಲ್ಲದು, ಆವಿಯಾಗಿ ಕಂಡಲ್ಲಿ ಕೂರುತ್ತದೆ. ಅಲ್ಲಿ ಗೆಟ್ಟರಿನ ಕೆಲಸ ಆನೋಡಿನದೇ, ಅದರ ಮೈಗೆ ಬಳಿದ ಜಿರ್ಕೋನಿಯಂನದು. ಆದರೆ ಜಿರ್ಕೋನಿಯಂ ತಣ್ಣಗಿದ್ದರೆ ಸೋಮಾರಿ, ಕಾದರೆ ಮಾತ್ರ ಅನಿಲ ನುಂಗುತ್ತದೆ. ಹಾಗಾಗಿ ಆ ವಾಲ್ವಿನ ಲೋಹದ ಆನೋಡು ಕೆಲಸದಲ್ಲಿ ಕೆಂಪಗೆ ಹೊಳೆಯಬೇಕು, ಹೊಳೆದರೇ ಆರೋಗ್ಯ. ‘ಅಯ್ಯೋ, ಪ್ಲೇಟ್ ಕೆಂಪಾಯ್ತು’ ಎಂದು ಗಾಬರಿಬಿದ್ದು ಸದಾ ಕಮ್ಮಿ ಶಕ್ತಿಯಲ್ಲಿ ಓಡಿಸಿ ಅದರ ನಿರ್ವಾತ ಕೆಡಿಸುವವರಿದ್ದಾರೆ. ನಿಮ್ಮ 813ರ ಆನೋಡು ಢಾಳಾಗಿ ಕೆಂಪಾಯಿತೋ, ಟ್ಯೂನಿಂಗ್ ತಪ್ಪಿದೆ, ಕೂಡಲೇ ಆರಿಸಿ. ಒಂದರ ಲಕ್ಷಣ ಇನ್ನೊಂದರ ರೋಗ.

3-500ಝಡ್ ತಯಾರಿಸಿದ ಐಮ್ಯಾಕ್ ಹುಟ್ಟಿದ್ದು 1934ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೊದಲ್ಲಿ. ಹೆಸರು ಐಟೆಲ್ ಮತ್ತು ಮೆಕಲೊ ಎಂಬ ಇಬ್ಬರದು, ಇಬ್ಬರೂ ಹ್ಯಾಮ್‌ಗಳು. ಈ ಕಂಪನಿಯ ರೇಡಿಯೊ ಕ್ಲಬ್ಬು 1960ರ ಜುಲೈನಲ್ಲಿ ಚಂದ್ರನಿಗೆ ರೇಡಿಯೊ ಅಲೆ ಬಡಿದು, ಮರಳಿದ ಪ್ರತಿಧ್ವನಿಯಲ್ಲಿ ದೇಶದ ಇನ್ನೊಂದು ತುದಿಯ ಹ್ಯಾಮ್‌ಗಳೊಡನೆ ಮಾತಾಡಿತು, ಹವ್ಯಾಸಿಗಳ ಪೈಕಿ ಮೊದಲ ಬಾರಿಗೆ. ಹವ್ಯಾಸಿ ಎಂದರೆ ಹಗುರವಾಗಿ ನೋಡುವವರು ಇದನ್ನು ಗಮನಿಸಬೇಕು. ಮೈಸೂರಿನಲ್ಲಿ 1935ರಲ್ಲಿ ‘ಆಕಾಶವಾಣಿ’ ಶುರುವಾದದ್ದೂ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರ ಮನೆಯಲ್ಲೇ.

ಮತ್ತೆ ಟ್ರಂಕಿನ ವಿಷಯ. ದಶಕಗಟ್ಟಲೆ ಪಂಚೆಯಲ್ಲಿ ಮಲಗಿದ್ದ ವಾಲ್ವಿಗೆ ಎದ್ದ ಕೂಡಲೇ ಎರಡು ಸಾವಿರ ವೋಲ್ಟ್ ಕೊಡುವುದೆಂದರೆ, ಜ್ವರದಿಂದ ಎದ್ದವನಿಗೆ ಕಂಬಳದ ಕೋಣ ಹಿಡಿಸಿದ ಹಾಗೆ. ಒಳಗೆ ಅಲ್ಪಸ್ವಲ್ಪ ಅನಿಲ ಸೇರಿರುತ್ತದೆ, ಫಟ್ಟೆಂದು ಮಿಂಚು ಹಾರುತ್ತದೆ. ಒಳ್ಳೆಯ ವಾಲ್ವಿನಲ್ಲೂ ಕಾರಣವಿಲ್ಲದೆ ಹಾರುವ ಇಂಥ ಮಿಂಚಿಗೆ ರಾಕಿ ಪಾಯಿಂಟ್ ಎಫೆಕ್ಟ್ ಎಂಬ ಹೆಸರಿದೆ, ನ್ಯೂಯಾರ್ಕ್ ಬಳಿಯ ಆರ್‌ಸಿಎ ಪ್ರಸಾರ ಕೇಂದ್ರದ ನೆನಪಿಗೆ. ಮೊದಲು ಮೀಟರಿನಲ್ಲಿ ತಂತು ತುಂಡಾಗಿಲ್ಲವೆಂದು, ಗ್ರಿಡ್ಡಿಗೆ ತಾಗಿಲ್ಲವೆಂದು ನೋಡಿ. ತಣ್ಣಗಿರುವಾಗ ತಂತುವಿನ ರೋಧ ಒಂದು ಓಮ್‌ಗಿಂತ ಎಷ್ಟೋ ಕಮ್ಮಿ ತೋರಿಸುತ್ತದೆ, ಶಾರ್ಟ್ ಎಂದು ಎಸೆಯಬೇಡಿ, ಕಾದಾಗ ಎರಡು ಓಮ್ ಆಗುತ್ತದೆ. ಆಮೇಲೆ ವಾಲ್ವನ್ನು ನೆಟ್ಟಗೆ ನಿಲ್ಲಿಸಿ ಬರೀ ತಂತುವನ್ನು ಒಂದು ದಿನ ಉರಿಸಿ. ಹೈವೋಲ್ಟೇಜು ಅದಾದ ಮೇಲೆ, ಅದೂ ಮೆಟ್ಟಿಲು ಮೆಟ್ಟಿಲಾಗಿ. ಗಾಜಿನ ಒಳಮೈಗೆ ಅಂಟಿದಂತೆ ನೀಲಿ ಹೊಳಪು ಕಂಡರೆ ಹೆದರಬೇಡಿ, ದಾರಿ ತಪ್ಪಿದ ಎಲೆಕ್ಟ್ರಾನುಗಳು ಗಾಜಿಗೆ ಬಡಿದು ಹುಟ್ಟುವ ಬೆಳಕು. ಎಲೆಕ್ಟ್ರೋಡುಗಳ ನಡುವೆ ನೇರಳೆ ಮಂಜು ತುಂಬಿದರೆ ಮಾತ್ರ ಅನಿಲ.

ಹೈವೋಲ್ಟೇಜಿನ ಈ ಹಂತ ಹೊಸಬರು ಒಂಟಿಯಾಗಿ ಮಾಡುವ ಕೆಲಸವಲ್ಲ, ಲೈಸೆನ್ಸ್ ಇಲ್ಲದವರು ಮಾಡುವುದಂತೂ ಅಲ್ಲವೇ ಅಲ್ಲ. 3000 ವೋಲ್ಟಿಗೆ ಚಾರ್ಜಾದ 30 ಮೈಕ್ರೊಫ್ಯಾರಡ್ ಕೆಪ್ಯಾಸಿಟರಿನಲ್ಲಿ 135 ಜೌಲ್ ಶಕ್ತಿ ಕಾದು ಕೂತಿರುತ್ತದೆ. ಆಸ್ಪತ್ರೆಯಲ್ಲಿ ಲಯ ತಪ್ಪಿ ಅದುರುವ ಎದೆಗೆ ಕೊಡುವ ಶಾಕ್ ಹೆಚ್ಚುಕಮ್ಮಿ ಅಷ್ಟೇ, ಅದು ಇಲ್ಲಿ ಸರಿಯಾಗಿ ಓಡುತ್ತಿರುವ ಎದೆಗೆ ಬೀಳುತ್ತದೆ. ಸ್ವಿಚ್ ಆರಿಸಿದರೂ ಆ ಶಕ್ತಿ ಅಲ್ಲೇ. ನನ್ನ ಬಲಗೈ ತೋರುಬೆರಳಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕಲೆಯಿದೆ. ಆ ಶಕ್ತಿ ಇಳಿಸುವ ಡಿಸ್‌ಚಾರ್ಜ್ ಕೋಲು ಗೋಡೆಗೆ ನೇತುಹಾಕಿದ್ದೆ, ಎರಡು ಹೆಜ್ಜೆ ನಡೆಯಲು ಸೋಮಾರಿತನ. ಆವತ್ತು ಎಡಗೈ ಜೇಬಿನಲ್ಲಿತ್ತು, ಕರೆಂಟು ಎದೆ ಹಾಯಲಿಲ್ಲ, ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಬೆರಳೆಣಿಕೆಯ ಟ್ರಾನ್ಸಿಸ್ಟರುಗಳು ಕಿಲೊವ್ಯಾಟ್ ಕೊಡುವ ಈ ಕಾಲದಲ್ಲಿ ಇಷ್ಟು ಉಪದ್ವ್ಯಾಪ ಯಾಕೆ ಎಂದು ಮನೆಯಲ್ಲೂ ಕೇಳುತ್ತಾರೆ. ಆಂಟೆನಾದ ವೈರು ಗಾಳಿಗೆ ಕಡಿದುಹೋದರೆ ಟ್ರಾನ್ಸಿಸ್ಟರ್ ಕಣ್ಣು ಮಿಟುಕಿಸುವುದರೊಳಗೆ ಬೂದಿ. 813 ಒಂದು ನಿಮಿಷ ಕೆಂಪಗೆ ಸಿಟ್ಟಾಗಿ, ನಿಮಗೆ ಸ್ವಿಚ್ ಆರಿಸಲು ಪುರುಸೊತ್ತು ಕೊಟ್ಟು, ಮತ್ತೆ ತಣ್ಣಗಾಗುತ್ತದೆ. ಇನ್ನೊಂದು ಕಾರಣ ಹೇಳಿದರೆ ಮನೆಯವರು ನಗುತ್ತಾರೆ: ರಾತ್ರಿ ಹನ್ನೊಂದಕ್ಕೆ ದೂರದ ಸ್ಟೇಷನ್ ಹುಡುಕುತ್ತ ಕೂತಾಗ ಆ ಹೊಂಬೆಳಕು ಜೊತೆಗಿದ್ದರೆ ಚೆಂದ.

ಹಾಸನದವರು ನಿನ್ನೆ ನಾಲ್ಕನೆಯ ಫೋಟೊ ಕಳಿಸಿದ್ದಾರೆ. ಊರಿನ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ 10 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಸುತ್ತಿಸಿ ತಂತು ಹೊತ್ತಿಸಿದ್ದಾರೆ. ಒಲೆಯ ಮೇಲಿನ ಕಟ್ಟೆಯಲ್ಲಿ, ಉಪ್ಪಿನಕಾಯಿ ಜಾಡಿಯ ಪಕ್ಕ, ಚಿಕ್ಕಪ್ಪನ 813 ಬೆಳಗುತ್ತಿದೆ. ಸ್ವಾಮಿ, ಹ್ಯಾಮ್‌ಗಳು ಇದನ್ನು ಒಂಟಿಯಾಗಿ ಬಳಸುವುದು ಕಮ್ಮಿ, ಎರಡು ಸೇರಿಸಿದರೇ ಅರ್ಧ ಕಿಲೊವ್ಯಾಟಿನ ಲಿನಿಯರ್ ಆಂಪ್ಲಿಫೈಯರ್. ನನ್ನ ಕಪಾಟಿನಲ್ಲಿ ಹನ್ನೆರಡು ವರ್ಷದಿಂದ ಒಂದು 813 ಜೋಡಿಗಾಗಿ ಕಾಯುತ್ತಿದೆ. ಟ್ರಂಕಿನ ತಳದಲ್ಲಿ ಇನ್ನೊಂದು ಪಂಚೆ ಇದೆಯೇ ನೋಡಿ. ಎಂಟು ಲಕ್ಷ ಕೊಡಲಾರೆ, ಬಸ್ ಚಾರ್ಜು ಹಾಕಿಕೊಂಡು ನಾನೇ ಬರುತ್ತೇನೆ.